ಕೂದಲೆಳೆಯ ಅಂತರ

ನನ್ನ ಓದುವ ಮೇಜಿನ ಮೇಲೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಿದೆ. ಅದರೊಳಗೆ ಹತ್ತಿಯಲ್ಲಿ ಸುತ್ತಿಟ್ಟ ಮೂರು ಸ್ಪಾರ್ಕ್ ಪ್ಲಗ್ಗುಗಳಿವೆ. ಮೂರು ವಾರಗಳಿಗಿಂತ ಹೆಚ್ಚು ದುಡಿಯದ ಅವು ಇಂದಿಗೂ ಹೊಸದರಂತೆ ಹೊಳೆಯುತ್ತವೆ. ಅವುಗಳಲ್ಲಿ ಯಾವ ದೋಷವೂ ಇಲ್ಲ. ತಕ್ಕ ಕಾರಿಗೆ ಹಾಕಿದರೆ ವರ್ಷಗಟ್ಟಲೆ ದುಡಿದಾವು. ಆದರೂ ಅವನ್ನು ನಾನು ಯಾರಿಗೂ ಕೊಟ್ಟಿಲ್ಲ. ಏಕೆಂದು ಕೇಳಿದರೆ ಒಂದು ಸುಳ್ಳಿನ ಕಥೆಯನ್ನೂ ಹೇಳಬೇಕಾಗುತ್ತದೆ. ನನ್ನ ಅಕ್ಕ ಈ ಪತ್ರಿಕೆಯನ್ನು ಮೊದಲ ಪುಟದಿಂದ ಶ್ರದ್ಧಾಂಜಲಿಯ ಪುಟದವರೆಗೆ ಒಂದಕ್ಷರ ಬಿಡದೆ ಓದುವವಳು. ಅವಳ ಕಣ್ಣಿಗೆ ಇದು ಬಿದ್ದೇ ಬೀಳುತ್ತದೆಂದು ತಿಳಿದೇ ಬರೆಯುತ್ತಿದ್ದೇನೆ.

ನಮ್ಮದು ಒಂದು ಲೀಟರಿನ, ಮೂರು ಸಿಲಿಂಡರಿನ ಪೆಟ್ರೋಲ್ ಕಾರು. ಟರ್ಬೊ ಇರುವಂಥದ್ದು. ಟರ್ಬೊ ಎಂದೊಡನೆ ಡೀಸೆಲ್ ಎಂದು ಭಾವಿಸುವವರು ನಮ್ಮಲ್ಲಿ ಬಹಳ. ಅದು ಸಹಜವೇ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಅದುಮಿದ ಬಿಸಿಯಿಂದಲೇ ಇಂಧನ ಹೊತ್ತಿಕೊಳ್ಳುವುದರಿಂದ ಅಲ್ಲಿ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ. ಆದರೆ ನಾಲ್ಕು ಮೀಟರ್ ಉದ್ದಕ್ಕೂ 1200 ಸಿಸಿಗೂ ಮೀರದ ಪೆಟ್ರೋಲ್ ಕಾರುಗಳಿಗೆ ನಮ್ಮ ದೇಶದಲ್ಲಿ ತೆರಿಗೆ ಕಡಿಮೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಚಿಕ್ಕ ಡೀಸೆಲ್ ಕಾರುಗಳು ಅನೇಕ ಕಂಪನಿಗಳ ಅಂಗಡಿಯಿಂದ ಮರೆಯಾದವು. ಅವುಗಳ ಜಾಗಕ್ಕೆ ಬಂದದ್ದು ಚಿಕ್ಕ ಎಂಜಿನ್ನಿಗೆ ಟರ್ಬೊ ಕಟ್ಟಿದ ಪೆಟ್ರೋಲ್ ಕಾರುಗಳು. ಸೈಲೆನ್ಸರಿನ ಕಡೆಗೆ ವ್ಯರ್ಥವಾಗಿ ಹೋಗುವ ಹೊಗೆಯ ರಭಸದಿಂದ ಒಂದು ಚಕ್ರವನ್ನು ತಿರುಗಿಸಿ, ಅದರಿಂದ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ತುರುಕುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು 1905ರಲ್ಲಿಯೇ ಪೇಟೆಂಟ್ ಪಡೆದಿದ್ದನು. ಅವನ ಚಕ್ರ ನಮ್ಮ ಮೂಡಿಗೆರೆ ಸೀಮೆಯ ಮನೆಯಂಗಳಕ್ಕೆ ಬಂದು ನಿಲ್ಲಲು ನೂರು ವರ್ಷಗಳ ಮೇಲಾಯಿತು.

ಕಾರು 40,000 ಕಿಲೋಮೀಟರ್ ಮುಗಿಸಿದಾಗ ಪ್ಲಗ್ಗುಗಳನ್ನು ಬದಲಿಸಬೇಕೆಂದು ಅದರ ಕೈಪಿಡಿಯಲ್ಲಿ ಬರೆದಿದೆ. 2023ರ ಸೆಪ್ಟೆಂಬರ್ ಹೊತ್ತಿಗೆ ಆ ಗಡುವು ಬಂದಿತ್ತು. ನಮ್ಮೂರಿನಲ್ಲಿ ನಲವತ್ತು ವರ್ಷಗಳಿಂದ ಗ್ಯಾರೇಜ್ ಇಟ್ಟುಕೊಂಡಿರುವ ಸಾಬರಿದ್ದಾರೆ. ನನ್ನ ಮೊದಲ ಅಂಬಾಸಿಡರ್ ಕಾರಿನ ಕಾಲದಿಂದಲೂ ಅವರೇ ನನ್ನ ವಾಹನಗಳ ವೈದ್ಯರು. ಆಗಿನದು ಮೈಕೋ ಪ್ಲಗ್ಗಿನ ಕಾಲ. ಬೆಂಗಳೂರಿನಲ್ಲಿ 1951ರಲ್ಲಿ ಆರಂಭವಾಗಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಕಂಪನಿಯ ಪ್ಲಗ್ಗನ್ನು ಕಾಣದ ಗ್ಯಾರೇಜು ನಮ್ಮ ನಾಡಿನಲ್ಲಿ ಇದ್ದಿರಲಾರದು. ಸಾಬರು ಅದನ್ನು ಬಿಚ್ಚಿ, ಮಸಿಯನ್ನು ಎಮರಿ ಕಾಗದದಿಂದ ಉಜ್ಜಿ, ಪೆಟ್ರೋಲಿನಲ್ಲಿ ತೊಳೆದು, ಗ್ಯಾಪು ಹೆಚ್ಚಾಗಿದ್ದರೆ ಸಿಮೆಂಟ್ ನೆಲಕ್ಕೆ ಮೆಲ್ಲಗೆ ಕುಟ್ಟಿ, ಕಣ್ಣಳತೆಯಲ್ಲಿಯೇ ಸರಿಮಾಡಿ ಮರಳಿ ಹಾಕುತ್ತಿದ್ದರು. ಗಾಡಿ ಮತ್ತೆ ಆರು ತಿಂಗಳು ಓಡುತ್ತಿತ್ತು. ಅಂಥ ಸಾಬರೇ ಈ ಸಲ ನನಗೆ ಹೇಳಿದ್ದು: “ಮೇಷ್ಟ್ರೇ, ಇದು ಟರ್ಬೊ. ಬುಕ್ಕಲ್ಲಿ ಯಾವ ನಂಬರ್ ಇದೆಯೋ ಅದನ್ನೇ ತರಿಸಿ. ಒಂದು ವಾರ ತಡವಾದ್ರೂ ಚಿಂತೆ ಇಲ್ಲ, ಹಳೇದ್ರಲ್ಲೇ ಓಡಿಸಿ.”

ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಆ ಪ್ಲಗ್ಗು ಇರಲಿಲ್ಲ. ತರಿಸಲು ಹತ್ತು ದಿನವಾಗುತ್ತದೆಂದರು. ನನಗೆ ಅವಸರವಿತ್ತು. ಅಕ್ಕನಿಗೆ ಮಂಗಳೂರಿನಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿತ್ತು. ಅವಳನ್ನು ಕರೆದೊಯ್ಯುವ, ಕರೆತರುವ ಹೊಣೆ ನನ್ನದಾಗಿತ್ತು. ಒಂದು ಪ್ಲಗ್ಗನ್ನು ಬಿಚ್ಚಿ ಕಾಗದದಲ್ಲಿ ಸುತ್ತಿಕೊಂಡು ಜಿಲ್ಲಾ ಕೇಂದ್ರದ ಒಂದು ಬಿಡಿಭಾಗಗಳ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಅದರ ಪಕ್ಕದಲ್ಲಿ ಇನ್ನೊಂದನ್ನು ಹಿಡಿದು ತೋರಿಸಿದ. ಥ್ರೆಡ್ಡಿನ ದಪ್ಪ ಒಂದೇ, ಉದ್ದ ಒಂದೇ, ಪಾನ ಕೂರುವ ಆರು ಮೂಲೆಯ ತಲೆಯೂ ಒಂದೇ. ಇರಿಡಿಯಂ ತುದಿ ಎರಡಕ್ಕೂ ಇತ್ತು. ಬೆಲೆಯೂ ಕಡಿಮೆಯದಲ್ಲ, ಮೂರಕ್ಕೆ ಎರಡು ಸಾವಿರದ ಮೇಲೆ. ಅದು ಟರ್ಬೊ ಇಲ್ಲದ ಬೇರೆ ಕಾರಿನದೆಂದು ಹುಡುಗ ಪ್ರಾಮಾಣಿಕವಾಗಿಯೇ ಹೇಳಿದ. ಅವನ ಮೇಲೆ ನಾನು ಯಾವ ತಪ್ಪನ್ನೂ ಹೊರಿಸಲಾರೆ. ನಾನು ಗಮನಿಸಿದ ವ್ಯತ್ಯಾಸ ಒಂದೇ: ಹೊಸದರ ಗ್ಯಾಪು ಹಳೆಯದಕ್ಕಿಂತ ಹೆಚ್ಚು. ಹೆಚ್ಚು ಗ್ಯಾಪು ಎಂದರೆ ಉದ್ದವಾದ ಕಿಡಿ, ಉದ್ದವಾದ ಕಿಡಿಯೆಂದರೆ ಉತ್ತಮ ದಹನ ಎಂದುಕೊಂಡು ಸಂತೋಷದಿಂದಲೇ ಕೊಂಡುಕೊಂಡೆ. ಮರುದಿನ ಅಂಗಳದಲ್ಲಿ ನಾನೇ ಹಾಕಿಕೊಳ್ಳುತ್ತಿದ್ದಾಗ ದಾರಿಯಲ್ಲಿ ಹೋಗುತ್ತಿದ್ದ ಸಾಬರು ನಿಂತು ನೋಡಿ, “ಇದೇ ನಂಬರಾ?” ಎಂದು ಕೇಳಿದರು. “ಸಾಬರೇ, ಕಿಡಿ ಎಂದರೇನೆಂದು ಮೂವತ್ತೊಂದು ವರ್ಷ ಪಾಠ ಮಾಡಿದವನು ನಾನು” ಎಂದೆ. ಅವರು ನಕ್ಕು ಮುಂದೆ ನಡೆದರು.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕನಾಗಿದ್ದೆ. ಈ ಸಂಗತಿಯನ್ನು ಇಲ್ಲಿ ಹೇಳದೆ ವಿಧಿಯಿಲ್ಲ.

ಮೂರು ವಾರ ಕಾರು ಚೆನ್ನಾಗಿಯೇ ಓಡಿತು. ಪೇಟೆಗೆ, ತೋಟದ ದಾರಿಗೆ, ಮಂಗಳೂರಿಗೆ ಇಳಿಯುವಾಗ ಘಾಟಿಯಲ್ಲಿ, ಎಲ್ಲಿಯೂ ತಕರಾರಿಲ್ಲ. ಶಸ್ತ್ರಚಿಕಿತ್ಸೆಯಾಗಿ ಹತ್ತು ದಿನಗಳಾದ ಮೇಲೆ ಅಕ್ಕನನ್ನು ಮನೆಗೆ ಕಳುಹಿಸಿದರು. ಹಿಂದಿನ ಸೀಟಿನಲ್ಲಿ ಅವಳು, ಪಕ್ಕದಲ್ಲಿ ನನ್ನ ಮಡದಿ. ಎದೆಯ ಮೂಳೆ ಕೂಡಿಕೊಳ್ಳುವವರೆಗೆ ಕೆಮ್ಮು ಬಂದರೆ, ದೇಹ ಕುಲುಕಿದರೆ ಎದೆಗೆ ಒತ್ತಿ ಹಿಡಿಯಲೆಂದು ಆಸ್ಪತ್ರೆಯವರು ಅವಳಿಗೊಂದು ಪುಟ್ಟ ದಿಂಬು ಕೊಡಿಸಿದ್ದರು. ಹೊರಡುವ ಮೊದಲು ಮಂಗಳೂರಿನ ಬಂಕುಗಳನ್ನೆಲ್ಲ ಬಿಟ್ಟು, ನಮ್ಮೂರಿನಲ್ಲಿ ತುಂಬಿಸಿದ್ದ ಪೆಟ್ರೋಲೇ ಸಾಕೆಂದು ಬಂದೆವು. ಈ ವಿವರವನ್ನು ನೆನಪಿಡಿ.

ಚಾರ್ಮಾಡಿ ಘಾಟಿ ಏರತೊಡಗಿದಾಗ ಸಂಜೆ ಐದೂವರೆ. ತುಂತುರು ಮಳೆ, ಮೇಲೆ ಮಂಜು. ಅಣ್ಣಪ್ಪ ಸ್ವಾಮಿ ಗುಡಿಗೆ ಇನ್ನೂ ಕೆಲವು ತಿರುವುಗಳಿದ್ದವು. ಒಂದು ಕಡಿದಾದ ತಿರುವಿನಲ್ಲಿ ಎರಡನೆಯ ಗೇರಿಗೆ ಬಂದು ಪೆಡಲನ್ನು ಒತ್ತಿದೊಡನೆ, ಯಾರೋ ಹಿಂದಿನಿಂದ ಹಗ್ಗ ಹಾಕಿ ಜಗ್ಗಿದಂತೆ ಕಾರು ಕುಲುಕಿತು. ಮತ್ತೆ ಒತ್ತಿದೆ, ಮತ್ತೆ ಕುಲುಕಿತು. ಹಿಂದೆ ಹೊರೆ ತುಂಬಿದ ಲಾರಿಯೊಂದು ಹಾರ್ನ್ ಮಾಡುತ್ತಿತ್ತು. ಮುಂದಿನ ಫಲಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪ ಮಿಣುಕತೊಡಗಿತು. ಕನ್ನಡಿಯಲ್ಲಿ ನೋಡಿದೆ. ಅಕ್ಕ ಎರಡೂ ಕೈಗಳಿಂದ ದಿಂಬನ್ನು ಎದೆಗೆ ಅವುಚಿಕೊಂಡು ಕಣ್ಣು ಮುಚ್ಚಿದ್ದಳು. ಪ್ರತಿ ಕುಲುಕಿಗೂ ಅವಳ ತುಟಿ ಬಿಗಿಯುತ್ತಿತ್ತು. ದನಿ ಮಾತ್ರ ಹೊರಡಲಿಲ್ಲ.

ತುಸು ಅಗಲವಾದ ಜಾಗದಲ್ಲಿ ನಿಲ್ಲಿಸಿದೆ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ನಿಂತಲ್ಲಿ ಎಂಜಿನ್ನು ಬೆಕ್ಕಿನ ಮರಿಯಂತೆ ಸದ್ದಿಲ್ಲದೆ ಓಡುತ್ತಿತ್ತು. ಮೆಲ್ಲಗೆ ಪೆಡಲನ್ನು ಮುಟ್ಟಿದರೆ ಸರಿ. ಬಲವಾಗಿ ಒತ್ತಿದರೆ ಕೆಮ್ಮು. ಮೆಲ್ಲಗೆ ಒತ್ತಿದಾಗ ಟರ್ಬೊ ಹೆಚ್ಚು ಗಾಳಿ ತುರುಕುವುದಿಲ್ಲ. ಬಲವಾಗಿ ಒತ್ತಿದಾಗ ತುರುಕುತ್ತದೆ. ಆ ಕ್ಷಣದಲ್ಲಿ, ಮಂಜಿನೊಳಗೆ, ಮೂವತ್ತೊಂದು ವರ್ಷ ಕರಿಹಲಗೆಯ ಮೇಲೆ ನಾನೇ ಬರೆದ ಒಂದು ನಿಯಮ ಕಣ್ಣೆದುರು ಬಂದು ನಿಂತಿತು.

ಜರ್ಮನಿಯ ಫ್ರೀಡ್ರಿಶ್ ಪಾಶೆನ್ 1889ರಲ್ಲಿ ತೋರಿಸಿಕೊಟ್ಟ ನಿಯಮವದು. ಎರಡು ಲೋಹದ ತುದಿಗಳ ನಡುವೆ ಗಾಳಿಯನ್ನು ಸೀಳಿಕೊಂಡು ಕಿಡಿ ಹಾರಲು ಎಷ್ಟು ವೋಲ್ಟ್ ಬೇಕು ಎಂಬುದನ್ನು ತುದಿಗಳ ಅಂತರವೊಂದೇ ನಿರ್ಧರಿಸುವುದಿಲ್ಲ. ಗಾಳಿಯ ಒತ್ತಡ ಮತ್ತು ಅಂತರ, ಈ ಎರಡರ ಗುಣಲಬ್ಧ ನಿರ್ಧರಿಸುತ್ತದೆ. ಟರ್ಬೊ ಇಲ್ಲದ ಎಂಜಿನ್ನು ವಾತಾವರಣದ ಒತ್ತಡದಲ್ಲಿ ಉಸಿರಾಡುತ್ತದೆ. ನಮ್ಮಂಥ ಚಿಕ್ಕ ಟರ್ಬೊ ಎಂಜಿನ್ನು ಪೂರ್ಣ ಭಾರ ಬಿದ್ದಾಗ ಅದರ ಸುಮಾರು ಎರಡರಷ್ಟು ಒತ್ತಡದ ಗಾಳಿಯನ್ನು ಒಳಗೆಳೆದುಕೊಂಡು, ಅದನ್ನು ಮತ್ತೆ ಅದುಮುತ್ತದೆ. ಆದುದರಿಂದಲೇ ಸಾಮಾನ್ಯ ಎಂಜಿನ್ನಿನ ಪ್ಲಗ್ಗಿನಲ್ಲಿ 1.0ರಿಂದ 1.1 ಮಿಲಿಮೀಟರ್ ಗ್ಯಾಪು ಇದ್ದರೆ, ಟರ್ಬೊ ಎಂಜಿನ್ನಿನದರಲ್ಲಿ ಸಾಮಾನ್ಯವಾಗಿ 0.7 ಅಥವಾ 0.8 ಇರುತ್ತದೆ. ನಾನು ಹಾಕಿದ್ದು 1.1. ವ್ಯತ್ಯಾಸ ಅರ್ಧ ಮಿಲಿಮೀಟರೂ ಇಲ್ಲ. ನಾಲ್ಕೈದು ಕೂದಲೆಳೆಗಳ ದಪ್ಪ. ಆದರೆ ಇಗ್ನಿಷನ್ ಕಾಯಿಲಿನ ಶಕ್ತಿಗೊಂದು ಮಿತಿಯಿದೆ. ಬಯಲಿನಲ್ಲಿ ಅದು ಹೇಗೋ ನಿಭಾಯಿಸಿತ್ತು. ಘಾಟಿಯ ಏರಿನಲ್ಲಿ, ಮೂವರ ಭಾರದೊಂದಿಗೆ, ಅದಕ್ಕೆ ಸಾಧ್ಯವಾಗಲಿಲ್ಲ.

ಈ ನಿಯಮವನ್ನು ತಪ್ಪು ಬರೆದ ವಿದ್ಯಾರ್ಥಿಗಳ ಅಂಕಗಳನ್ನು ನಾನು ಕೆಂಪು ಶಾಯಿಯಿಂದ ಕಳೆದದ್ದುಂಟು.

ಮೊದಲ ಗೇರಿನಲ್ಲಿ, ಪೆಡಲಿಗೆ ಹೆಬ್ಬೆರಳಷ್ಟೇ ತಾಗಿಸಿ, ನಡೆದು ಹೋಗುವವನ ವೇಗದಲ್ಲಿ ಕೊಟ್ಟಿಗೆಹಾರ ಮುಟ್ಟಿದಾಗ ಕತ್ತಲಾಗಿತ್ತು. ನೀರುದೋಸೆಯ ಹೋಟೆಲಿನ ಬೆಳಕು ಕಂಡಾಗ ಮಡದಿ ಮೊದಲ ಬಾರಿಗೆ ಉಸಿರು ಬಿಟ್ಟಳು. ಅಕ್ಕ ಕೇಳಿದಳು: “ಏನಾಯ್ತೋ ತಮ್ಮ?” “ಪೆಟ್ರೋಲ್ ಸರಿಯಿಲ್ಲ ಅಕ್ಕ, ನೀರು ಬೆರೆತಿರಬೇಕು” ಎಂದೆ. ನಿಯಮ ನೆನಪಾಗಿ ಗಂಟೆ ಕಳೆದಿರಲಿಲ್ಲ. ಬಾಯಿಗೆ ಬಂದದ್ದು ಈ ಮಾತು.

ಮರುದಿನ ಸಾಬರ ಗ್ಯಾರೇಜಿನಲ್ಲಿ ಪ್ಲಗ್ಗುಗಳನ್ನು ಬಿಚ್ಚಿದೆವು. ಅವರು ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿದರು. “ಮಿಸ್ಸಿಂಗ್ ಹೊಡೆಯದೆ ಇನ್ನೇನು ಮಾಡುತ್ತೆ ಮೇಷ್ಟ್ರೇ? ಗ್ಯಾಪಷ್ಟೇ ಅಲ್ಲ, ಹೀಟ್ ನಂಬರೂ ಬೇರೆ” ಎಂದರು. ಹಳೆಯದರ ಮೇಲೆ 7 ಎಂದಿತ್ತು, ಇದರ ಮೇಲೆ 6. ಅದನ್ನು ನಾನು ಅಂಗಡಿಯಲ್ಲಿ ಓದಿಯೇ ಇರಲಿಲ್ಲ.

ಈ ನಂಬರಿನ ವಿಷಯ ನಿಮಗೂ ಉಪಯೋಗಕ್ಕೆ ಬರಬಹುದಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಪ್ಲಗ್ಗಿಗೆ “ಬಿಸಿ”, “ತಣ್ಣಗೆ” ಎಂಬ ಎರಡು ಜಾತಿ. ಅದಕ್ಕೂ ಕಿಡಿಯ ಬಿಸಿಗೂ ಸಂಬಂಧವಿಲ್ಲ. ದಹನದಿಂದ ಪ್ಲಗ್ಗಿನ ಮೂಗಿಗೆ ತಗಲುವ ಬಿಸಿ ಎಷ್ಟು ಬೇಗ ಎಂಜಿನ್ನಿನ ಲೋಹಕ್ಕೆ ಇಳಿದುಹೋಗುತ್ತದೆ ಎಂಬುದೇ ಲೆಕ್ಕ. ಒಳಗಿನ ಪಿಂಗಾಣಿಯ ಮೂಗು ಉದ್ದವಾಗಿದ್ದರೆ ಬಿಸಿ ನಿಧಾನವಾಗಿ ಇಳಿಯುತ್ತದೆ. ಅದು ಬಿಸಿ ಪ್ಲಗ್ಗು. ಮೂಗು ಗಿಡ್ಡವಾಗಿದ್ದರೆ ಬೇಗ ಇಳಿಯುತ್ತದೆ, ಅದು ತಣ್ಣನೆಯದು. ತುದಿಯ ಉಷ್ಣತೆ ಸುಮಾರು 500 ಡಿಗ್ರಿಗಿಂತ ಕೆಳಗಿದ್ದರೆ ಮಸಿ ಸುಟ್ಟುಹೋಗದೆ ಕೂರುತ್ತದೆ. ತೀರ ಮೇಲೇರಿ 850, 900 ಡಿಗ್ರಿಯನ್ನು ಮೀರಿದರೆ ತುದಿಯೇ ಕೆಂಡವಾಗಿ, ಕಿಡಿ ಹಾರುವ ಮೊದಲೇ ಪೆಟ್ರೋಲನ್ನು ಹೊತ್ತಿಸಿಬಿಡಬಹುದು. ಪಿಸ್ಟನ್ನು ಇನ್ನೂ ಮೇಲೇರುತ್ತಿರುವಾಗಲೇ ನಡೆಯುವ ಆ ಅಕಾಲದ ಸ್ಫೋಟ ಅದನ್ನೇ ಕರಗಿಸಬಲ್ಲದು. ಟರ್ಬೊ ಎಂಜಿನ್ನು ಹೆಚ್ಚು ಬಿಸಿ ಹುಟ್ಟಿಸುವುದರಿಂದ ಸಾಮಾನ್ಯವಾಗಿ ಅದಕ್ಕೆ ಒಂದು ಮೆಟ್ಟಿಲು ತಣ್ಣನೆಯ ಪ್ಲಗ್ಗನ್ನು ಗೊತ್ತುಮಾಡಿರುತ್ತಾರೆ. ನಾನು ಒಂದು ಮೆಟ್ಟಿಲು ಬಿಸಿಯದನ್ನು ಹಾಕಿ ಘಾಟಿ ಹತ್ತಿಸಿದ್ದೆ. ಅಂದು ಕಾರು ಕೆಮ್ಮಿ ನಿಲ್ಲದೆ ಬಲವಾಗಿ ಏರಿದ್ದರೆ ಮುಂದೊಂದು ದಿನ ಏನಾಗುತ್ತಿತ್ತೋ!

ನಂಬರು ಓದುವುದರಲ್ಲಿಯೂ ಒಂದು ತಮಾಷೆಯಿದೆ. ಜಪಾನಿನ ಎನ್‌ಜಿಕೆ ಮತ್ತು ಡೆನ್ಸೊ ಪದ್ಧತಿಯಲ್ಲಿ ಅಂಕೆ ಹೆಚ್ಚಾದಷ್ಟೂ ಪ್ಲಗ್ಗು ತಣ್ಣಗೆ. ಬಾಷ್ ಮತ್ತು ಚಾಂಪಿಯನ್ ಪದ್ಧತಿಯಲ್ಲಿ ಅಂಕೆ ಹೆಚ್ಚಾದಷ್ಟೂ ಬಿಸಿ. ಬಾಷ್‌ನ ಹಳೆಯ ಕಾಲದ ಅಂಕೆಗಳಾದ 145, 175, 225 ಮಾತ್ರ ಏರಿದಷ್ಟೂ ತಣ್ಣಗೆ! ಒಂದೇ ಮನೆಯವರೇ ಲೆಕ್ಕವನ್ನು ತಿರುಗಿಸಿದ್ದಾರೆ. ಆದ್ದರಿಂದ ಒಂದು ಕಂಪನಿಯ ಅಂಕೆಯನ್ನು ಹಿಡಿದುಕೊಂಡು ಇನ್ನೊಂದು ಕಂಪನಿಯ ಪ್ಲಗ್ಗನ್ನು ಕೇಳಬಾರದು. ಎನ್‌ಜಿಕೆ ಪ್ಲಗ್ಗುಗಳಲ್ಲಿ ಗೆರೆಯ ನಂತರ ಕೊನೆಗೆ 11 ಎಂದಿದ್ದರೆ ಗ್ಯಾಪು 1.1 ಮಿಲಿಮೀಟರ್ ಎಂದರ್ಥ. ಇಷ್ಟು ಓದಲು ಕನ್ನಡಕವೊಂದೇ ಸಾಕಾಗಿತ್ತು, ಪದವಿ ಬೇಕಿರಲಿಲ್ಲ.

ಹಾಗಾದರೆ ಟರ್ಬೊ ಕಾರಿಗೆ ಎಷ್ಟು ತಣ್ಣನೆಯದಾದರೂ ಸರಿಯೇ ಎಂದು ಕೇಳುವಿರಿ. ಅಲ್ಲ. ನಮ್ಮ ನೆರೆಯ ತರುಣನೊಬ್ಬ ರೇಸಿನ ಗೆಳೆಯರ ಮಾತು ಕೇಳಿ ಎರಡು ಮೆಟ್ಟಿಲು ತಣ್ಣನೆಯದನ್ನು ಹಾಕಿಸಿದ್ದ. ದಿನಕ್ಕೆ ನಾಲ್ಕು ಕಿಲೋಮೀಟರ್ ಶಾಲೆಗೆ, ಅಂಗಡಿಗೆ ಓಡುವ ಕಾರು ಅದು. ಪ್ಲಗ್ಗು ಬಿಸಿಯೇ ಆಗದೆ ಮಸಿ ಹಿಡಿದು ಚಳಿಯ ಬೆಳಗಿನಲ್ಲಿ ಸ್ಟಾರ್ಟ್ ಆಗುವುದನ್ನೇ ನಿಲ್ಲಿಸಿತು. ಇರಿಡಿಯಂ ಎಂಬ ಹೆಸರೂ ಹಾಗೆಯೇ ನಮ್ಮನ್ನು ಮರುಳುಗೊಳಿಸುತ್ತದೆ. ಅದು 2,446 ಡಿಗ್ರಿಯಲ್ಲಿ ಕರಗುವ ಲೋಹವಾದ್ದರಿಂದ ಕೂದಲಿನಂತೆ ತೆಳ್ಳಗೆ, 0.4 ಅಥವಾ 0.6 ಮಿಲಿಮೀಟರ್ ದಪ್ಪದ ತುದಿಯನ್ನು ಮಾಡಬಹುದು. ನಿಕ್ಕಲ್ ತುದಿಯಾದರೆ 2.5 ಮಿಲಿಮೀಟರ್. ತೆಳುವಾದ ತುದಿಯಿಂದ ಕಿಡಿ ಸುಲಭವಾಗಿ ಹಾರುತ್ತದೆ, ತುದಿ ಬೇಗ ಸವೆಯುವುದೂ ಇಲ್ಲ. ಅದು ನಿಜ. ಆದರೆ ತಪ್ಪು ಗ್ಯಾಪನ್ನು, ತಪ್ಪು ಮೂಗನ್ನು ಇರಿಡಿಯಂ ಸರಿಪಡಿಸುವುದಿಲ್ಲ. ನಾನು ಕೊಟ್ಟ ಎರಡು ಸಾವಿರ ಅದಕ್ಕೆ ಸಾಕ್ಷಿ.

ಗ್ಯಾಪನ್ನು ಹಳೆಯಂತೆ ನೆಲಕ್ಕೆ ಕುಟ್ಟಿ ಕಡಿಮೆ ಮಾಡಲಾಗದೇ ಎಂದು ನಾನು ಸಾಬರನ್ನು ಕೇಳಿದೆ. ಅವರು ತಲೆಯಾಡಿಸಿದರು. ಆ ತೆಳುತುದಿ ಪೆಡಸು; ಪೆಟ್ಟು ಬಿದ್ದರೆ ಮುರಿಯುತ್ತದೆ. ಎಮರಿ ಕಾಗದವೂ ಸಲ್ಲದು, ತಂತಿಯ ಬ್ರಷ್ಷೂ ಸಲ್ಲದು. ನಲವತ್ತು ವರ್ಷ ಕೈಗೆ ಅಂಟಿದ ವಿದ್ಯೆಯನ್ನು ಅವರು ಇಂಥ ಕಾರುಗಳ ಮುಂದೆ ಬದಿಗಿಟ್ಟಿದ್ದರು. ನನಗೆ ನಾಚಿಕೆಯಾದದ್ದು ಆಗ. ಕಂಪನಿಯ ಪ್ಲಗ್ಗು ಬರುವವರೆಗೆ ಹಳೆಯ ಮೂರನ್ನೇ ಹಾಕಿದರು. ಕಾರು ಕೆಮ್ಮಲಿಲ್ಲ. “ಆ ದೀಪ ಸುಮ್ನೆ ಉರೀತಿದ್ರೆ ಬೇಗ ತೋರಿಸ್ಬೇಕು, ಮಿಣುಕ್ತಿದ್ರೆ ಪೆಡಲ್ ಬಿಟ್ಟು ನಿಲ್ಲಿಸ್ಬೇಕು” ಎಂದರು. ಉರಿಯದೆ ಹೋದ ಪೆಟ್ರೋಲು ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ಸುಟ್ಟುಹಾಕುತ್ತದೆ. ಅದರ ಬೆಲೆಯ ಮುಂದೆ ಪ್ಲಗ್ಗಿನ ಬೆಲೆ ಏನೂ ಅಲ್ಲ. ನಮ್ಮದು ಪುಣ್ಯಕ್ಕೆ ಉಳಿದಿತ್ತು.

ಹೊಸವು ಬಂದಾಗ ಸಾಬರು ಹಾಕಿದ ಕ್ರಮವನ್ನು ನಾನು ವಿದ್ಯಾರ್ಥಿಯಂತೆ ನಿಂತು ನೋಡಿದೆ. ಮೊದಲು ಡಬ್ಬಿಯನ್ನೂ ಪಿಂಗಾಣಿಯ ಮೇಲಿನ ಅಚ್ಚನ್ನೂ ಪರೀಕ್ಷಿಸಿದರು. ಪೇಟೆಯಲ್ಲಿ ನಕಲಿ ಪ್ಲಗ್ಗುಗಳು ಕಡಿಮೆಯಿಲ್ಲ. ಎಂಜಿನ್ನು ಪೂರ್ತಿ ತಣ್ಣಗಾಗುವವರೆಗೆ ಕಾದರು, ಬಿಸಿಯಿರುವಾಗ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ಡು ಕಿತ್ತುಬರುವ ಭಯವಿದೆ. ಸುತ್ತಲಿನ ಧೂಳನ್ನು ಗಾಳಿಯಿಂದ ಊದಿ, ಮೊದಲ ಸುತ್ತುಗಳನ್ನು ಬರಿಗೈಯಿಂದಲೇ ತಿರುಗಿಸಿ, ಕೊನೆಗೆ ಕೈಪಿಡಿಯಲ್ಲಿ ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿದರು. ಥ್ರೆಡ್ಡಿಗೆ ಗ್ರೀಸು ಹಚ್ಚಲೇ ಎಂದೆ. ಬೇಡವೆಂದರು, ಜಾರುವ ಥ್ರೆಡ್ಡನ್ನು ಕೈ ಅರಿವಿಲ್ಲದೆ ಹೆಚ್ಚು ಬಿಗಿಯುತ್ತದೆ.

ಇನ್ನು ಆ ಸುಳ್ಳಿನ ವಿಷಯ. ಅಕ್ಕನನ್ನು ನೋಡಲು ಬಂದವರೆಲ್ಲರಿಗೂ ಅವಳು ಘಾಟಿಯ ಕಥೆ ಹೇಳಿದಳು. ಹೇಳುವಾಗಲೆಲ್ಲ ನಮ್ಮೂರಿನ ಬಂಕಿನ ಪೆಟ್ರೋಲಿಗೆ ನೀರು ಬೆರೆಸುತ್ತಾರೆಂದೂ ಹೇಳಿದಳು. ಭಾನುವಾರ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಅದೇ ಮಾತು. ನನಗೆ ಕೇಳಿಸುವಂತೆಯೇ ಒಬ್ಬರು, “ನಾವು ಆ ಬಂಕಿಗೆ ಹೋಗುವುದನ್ನೇ ಬಿಟ್ಟೆವು” ಎಂದರು. ನಾನು ಮಾತನಾಡಲಿಲ್ಲ. ಬಂಕಿನ ಯಜಮಾನರು ನನ್ನ ಹಳೆಯ ವಿದ್ಯಾರ್ಥಿಯ ತಂದೆ. ಅವರ ಮುಂದೆ ಹಾದುಹೋಗಬೇಕಾದಾಗ ನಾನು ಕಾರಿನ ಗಾಜನ್ನು ಏರಿಸಿಕೊಳ್ಳುತ್ತಿದ್ದೆ. ಪೆಟ್ರೋಲಿಗೆ ಹನ್ನೆರಡು ಕಿಲೋಮೀಟರ್ ದೂರದ ಇನ್ನೊಂದು ಬಂಕಿಗೆ ಹೋಗುತ್ತಿದ್ದೆ. ಇದು ಒಂದು ದಿನದ, ಒಂದು ತಿಂಗಳ ಮಾತಲ್ಲ.

ಕೊನೆಗೊಂದು ದಿನ ಬಿಸ್ಕತ್ತಿನ ಡಬ್ಬಿಯನ್ನು ಹಿಡಿದುಕೊಂಡೇ ಅವರಲ್ಲಿಗೆ ಹೋದೆ. ಪ್ಲಗ್ಗುಗಳನ್ನು ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದೆ. ಅವರು ಒಂದನ್ನು ಎತ್ತಿ ತಿರುಗಿಸಿ ನೋಡುತ್ತ ಬಹಳ ಹೊತ್ತು ಸುಮ್ಮನಿದ್ದರು. “ಅಳತೆ ಇಲಾಖೆಯವರು ಎರಡು ಸಲ ಬಂದು ಹೋದ್ರು ಮೇಷ್ಟ್ರೇ. ಯಾರು ಹೇಳಿದ್ದು ಅಂತ ನನಗೆ ಗೊತ್ತಾಗ್ಲೇ ಇಲ್ಲ” ಎಂದರು. ಆಮೇಲೆ ಕಾಫಿ ತರಿಸಿದರು. ಕಾಫಿ ಕುಡಿಯುವುದು ಬೈಗುಳ ಕೇಳುವುದಕ್ಕಿಂತ ಕಷ್ಟವಾಯಿತು. ಏಳುವಾಗ, “ನಿಮ್ಮ ಅಕ್ಕನವರಿಗೆ ಹೇಳಿದಿರಾ?” ಎಂದು ಕೇಳಿದರು. ಇಲ್ಲವೆಂದೆ.

ಮುಂದಿನ ತಿಂಗಳು ಅಕ್ಕನಿಗೆ ಮಂಗಳೂರಿನಲ್ಲಿ ತಪಾಸಣೆಯಿದೆ. ಈಗ ದಿಂಬು ಬೇಕಾಗಿಲ್ಲ. ಮುಂದಿನ ಸೀಟೇ ಬೇಕೆಂದು ಹಟ ಮಾಡುತ್ತಾಳೆ. ಅಷ್ಟರೊಳಗೆ ಈ ಸಂಚಿಕೆ ಅವಳ ಕೈ ಸೇರಿರುತ್ತದೆ. ಹೊರಡುವ ಬೆಳಗ್ಗೆ ನಮ್ಮೂರಿನ ಆ ಬಂಕಿನಲ್ಲಿಯೇ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಾಜು ಇಳಿಸಿ, ಟ್ಯಾಂಕು ತುಂಬಿಸಲಿದ್ದೇನೆ.